ಮಳೆಗಾಲದ ಮೈದಾನ ಮೀಮಾಂಸೆ

ಕರ್ನಾಟಕದ ಸಾರ್ವಜನಿಕ ಆಟದ ಮೈದಾನವು, ತಾಲ್ಲೂಕು ಕ್ರೀಡಾಂಗಣವೆಂಬ ಫಲಕ ಹೊತ್ತಿದ್ದರೂ ಸರ್ಕಾರಿ ಪ್ರೌಢಶಾಲೆಯ ಮುಂದಿನ ಬಯಲೇ ಆಗಿದ್ದರೂ, ವರ್ಷದ ಬಹುಪಾಲು ಧೂಳಾಗಿಯೂ ಉಳಿದ ಕಾಲ ಕೆಸರಾಗಿಯೂ ಬಾಳುವ, ಎಲ್ಲರಿಗೂ ಸೇರಿದ್ದರಿಂದಲೇ ಯಾರೂ ಬೀಗ ಹಾಕಲಾಗದ ಒಂದು ಸ್ಥಿರಾಸ್ತಿ. ಶಾಲಾ ಮಕ್ಕಳ ಹೋಬಳಿ ಹಾಗೂ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್ ನಡುವೆ, ಅಂದರೆ ಮುಂಗಾರು ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿರುವ ಹೊತ್ತಿನಲ್ಲಿಯೇ ಬರುವುದರಿಂದ, ಮಲೆನಾಡು ಮತ್ತು ಕರಾವಳಿಯ ಮಕ್ಕಳು ನೂರು ಮೀಟರ್ ಓಟದ ಕೊನೆಯ ಹತ್ತು ಮೀಟರನ್ನು ಜಾರಿಕೊಂಡೇ ಮುಗಿಸುವ ಕೌಶಲವನ್ನು ಎಳವೆಯಲ್ಲಿಯೇ ಗಳಿಸುತ್ತಾರೆ. 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುನ್ನವೇ ನಡೆಸುವ ಪದ್ಧತಿಯನ್ನು ನೋಡಿದರೆ, ಮೈದಾನ ನಿರ್ವಹಣೆಯ ಅತ್ಯುತ್ತಮ ಉಪಕರಣ ಗೋಡೆಗೆ ತೂಗುಹಾಕಿದ ಕ್ಯಾಲೆಂಡರೇ ಇರಬೇಕೆಂಬ ಅನುಮಾನ ಬರುತ್ತದೆ. ಆದರೆ ಕ್ಯಾಲೆಂಡರು ಟೆಂಡರಿನ ವ್ಯಾಪ್ತಿಗೆ ಬರುವುದಿಲ್ಲ.

ಸಮಸ್ಯೆಯ ಗಾತ್ರವನ್ನು ಅರಿಯಲು ಸ್ವಲ್ಪ ಗಣಿತ ಬೇಕಾಗುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್ಬಾಲ್ ಅಂಗಣದ ಮೇಲೆ ಒಂದೇ ರಾತ್ರಿ 50 ಮಿಲಿಮೀಟರ್ ಸುರಿದರೆ, ಮಲೆನಾಡಿನಲ್ಲಿ ಇದನ್ನು ಯಾರೂ ದೊಡ್ಡ ಮಳೆಯೆಂದು ಕರೆಯುವುದಿಲ್ಲ, ಬೆಳಗ್ಗೆ ಅಲ್ಲಿ 3,57,000 ಲೀಟರ್, ಅರ್ಥಾತ್ 6,000 ಲೀಟರಿನ ಸುಮಾರು 60 ಟ್ಯಾಂಕರುಗಳಷ್ಟು ನೀರು ಬಿದ್ದಿರುತ್ತದೆ. ಇದರ ವಿರುದ್ಧ ಸಂಘಟನಾ ಸಮಿತಿಯು ನಿಯೋಜಿಸುವ ಪಡೆಯಲ್ಲಿ ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ಬಕೆಟ್, ಒಂದು ತೆಂಗಿನ ಕಡ್ಡಿ ಪೊರಕೆ, ಮರದ ಮಿಲ್ಲಿನಿಂದ ತಂದ ಒಂದು ಚೀಲ ಹೊಟ್ಟು ಮತ್ತು ಒಂಬತ್ತನೆಯ ತರಗತಿಯ ಹುಡುಗರು ಇರುತ್ತಾರೆ. ಗೆರೆ ಎಳೆಯಲು ಚೆಲ್ಲಿದ ಸುಣ್ಣದ ಪುಡಿಯು ಪಂದ್ಯಕ್ಕಿಂತ ಮೊದಲೇ ಚರಂಡಿ ಸೇರುವುದರಿಂದ, ಕಬಡ್ಡಿಯಲ್ಲಿ ಗೆರೆ ದಾಟಿದ್ದು ಹೌದೋ ಅಲ್ಲವೋ ಎಂಬುದು ಪ್ರತ್ಯಕ್ಷ ಪ್ರಮಾಣದಿಂದ ಶಬ್ದ ಪ್ರಮಾಣಕ್ಕೆ, ಅಂದರೆ ಯಾರ ದನಿ ದೊಡ್ಡದೋ ಅವರ ಪಾಲಿಗೆ, ವರ್ಗಾವಣೆಯಾಗುತ್ತದೆ.

ನೀರು ತಾನಾಗಿ ಹರಿದುಹೋಗಬೇಕಾದರೆ ಮೈದಾನದ ನಡುಭಾಗ ತುಸು ಉಬ್ಬಿರಬೇಕು. ನೂರಕ್ಕೆ ಒಂದರ ಇಳಿಜಾರು ಕೊಟ್ಟರೂ 68 ಮೀಟರ್ ಅಗಲದ ಅಂಗಣದ ನಡುಬೆನ್ನು ಅಂಚಿಗಿಂತ 34 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಆಡುವವರ ಕಾಲಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಅನುದಾನ ಬಂದೊಡನೆ ಊರಿನ ಕಣ್ಣಿಗೆ ಮೊದಲು ಬೀಳುವ ದೋಷ ಈ ಉಬ್ಬೇ ಆಗಿರುವುದರಿಂದ, ಜೆಸಿಬಿ ತರಿಸಿ, ಹುಲ್ಲು ಹಿಡಿದಿದ್ದ ಮೇಲ್ಮಣ್ಣನ್ನು ಕೆರೆದು, ಮೈದಾನವನ್ನು ‘ಲೆವೆಲ್’ ಮಾಡಲಾಗುತ್ತದೆ. ಹೀಗೆ ಸಮತಟ್ಟಾದ ಬಯಲು ಉದ್ಘಾಟನೆಯ ದಿನದ ಫೋಟೋದಲ್ಲಿ ಬಹಳ ಚೆನ್ನಾಗಿ ಕಂಡು, ಜೂನ್ ಎರಡನೆಯ ವಾರದಲ್ಲಿ ಕೆರೆಯಾಗುತ್ತದೆ. ಆಮೇಲೆ ‘ಎರಡು ಲೋಡು ಮಣ್ಣು ಹೊಡೆಸುವುದು’ ಎಂಬ ಎರಡನೆಯ ಹಂತದ ಕಾಮಗಾರಿ ಇದ್ದು, ಆ ಲೋಡು ತಂದ ಟ್ರ್ಯಾಕ್ಟರ್ ಗೋಲ್ ಕಂಬದ ಬಳಿ ಹೂತುಕೊಂಡು ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬರುವುದು ಮೂರನೆಯ ಹಂತ.

ಇಷ್ಟಾದರೂ ನಿಜವಾದ ಹಾನಿ ಮಳೆಯಿಂದ ಆಗುವುದಕ್ಕಿಂತ ಮಳೆ ನಿಂತ ಅರ್ಧ ಗಂಟೆಯಲ್ಲಿ ಆಗುತ್ತದೆ. ನೆನೆದ ಮಣ್ಣಿನ ಕಣಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ, ತುಳಿತಕ್ಕೆ ಸಿಕ್ಕೊಡನೆ ಅವು ಒತ್ತಾಗಿ ಕೂತು, ನಡುವೆ ಗಾಳಿ ಮತ್ತು ನೀರು ಓಡಾಡುತ್ತಿದ್ದ ಸಂದುಗಳು ಮುಚ್ಚಿಹೋಗುತ್ತವೆ. ಮುಂದಿನ ಮಳೆಯ ನೀರಿಗೆ ಇಂಗಲು ದಾರಿಯೇ ಉಳಿಯುವುದಿಲ್ಲ. ಭತ್ತದ ಗದ್ದೆಯಲ್ಲಿ ರೈತ ನೀರು ಕಟ್ಟಿ, ಮತ್ತೆ ಮತ್ತೆ ಉತ್ತು, ಕೆಸರು ಮಾಡಿ ಸಾಧಿಸುವುದೂ ಇದನ್ನೇ. ಅವನಿಗೆ ನೀರು ಇಂಗಬಾರದು, ನಿಲ್ಲಬೇಕು. ಬೂಟು ತೊಟ್ಟ ಇಪ್ಪತ್ತೆರಡು ಮಂದಿ ಒಂದೂವರೆ ಗಂಟೆ ಅದೇ ಕೆಲಸವನ್ನು ಕೂಲಿ ಕೇಳದೆ ಮಾಡುತ್ತಾರೆ, ಮೇಲಾಗಿ ಪ್ರವೇಶ ಶುಲ್ಕವನ್ನೂ ಕಟ್ಟಿರುತ್ತಾರೆ. ಹಿಮ್ಮಡಿ ಊರಿದಾಗ ಸುತ್ತ ನೀರು ಜಿನುಗಿದರೆ ಆ ದಿನ ಆಟ ಬೇಡವೆಂಬ ಸರಳ ಪರೀಕ್ಷೆಯನ್ನು ಎಲ್ಲ ದೈಹಿಕ ಶಿಕ್ಷಕರೂ ಬಲ್ಲರು. ಆದರೆ “ಮಾಸ್ಟ್ರೇ, ಈಗ ಬಿಟ್ಟಿದೆಯಲ್ಲ, ಶುರು ಮಾಡಿಬಿಡಿ, ಊಟಕ್ಕೂ ಹೇಳಿಯಾಗಿದೆ” ಎಂಬ ಅಧ್ಯಕ್ಷರ ಮಾತಿನ ಮುಂದೆ ಹಿಮ್ಮಡಿಯ ಸಾಕ್ಷ್ಯ ನಿಲ್ಲುವುದಿಲ್ಲ.

ಹಣವಿದ್ದಲ್ಲಿ ಕಥೆ ಬೇರೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಎದುರಿನ ಟೆಸ್ಟ್ ಪಂದ್ಯ ಮೊದಲ ದಿನದ ನಂತರ ಪೂರ್ತಿ ಮಳೆಯ ಪಾಲಾಯಿತು. 2017ರಲ್ಲಿ ಅಲ್ಲಿ ಸಬ್‌ಏರ್ ಎಂಬ, ನೆಲದಡಿಯ ಕೊಳವೆಗಳ ಮೂಲಕ ನೀರನ್ನು ಯಂತ್ರಬಲದಿಂದ ಹೀರಿ ತೆಗೆಯುವ ವ್ಯವಸ್ಥೆ ಬಂತು. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನ ಮಳೆಗೆ ಹೋಗಿ, ಎರಡನೆಯ ದಿನ ಮೈದಾನ ಆಟಕ್ಕೆ ಸಿದ್ಧವಾದಾಗ, ಭಾರತ ತಂಡ 46 ಓಟಗಳಿಗೆ ಆಲೌಟಾಯಿತು. ಮೈದಾನ ಒಣಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಇಡೀ ದೇಶಕ್ಕೆ ಅನ್ನಿಸಿದ ಅಪರೂಪದ ಪ್ರಸಂಗವದು.

ಈ ಎಲ್ಲ ಜಂಜಾಟವನ್ನು ತುಳುನಾಡು ತಲೆಕೆಳಗಾಗಿಸಿ ಬಗೆಹರಿಸಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ, ‘ಕೆಸರ್ಡ್ ಒಂಜಿ ದಿನ’, ಅಂದರೆ ಕೆಸರಿನಲ್ಲಿ ಒಂದು ದಿನ, ಎಂಬ ಹೆಸರಿನಲ್ಲಿ ಜನರು ಗದ್ದೆಗೇ ಇಳಿದು ಹಗ್ಗಜಗ್ಗಾಟ, ಓಟ, ವಾಲಿಬಾಲ್ ಆಡುತ್ತಾರೆ. ಬಿದ್ದವನಿಗೆ ಅವಮಾನವಿಲ್ಲ, ಬೀಳದವನ ಮೇಲೆ ಸಂಶಯವುಂಟು. ತಾಲ್ಲೂಕು ಮೈದಾನಕ್ಕೂ ಆ ಗದ್ದೆಗೂ ಆಗಸ್ಟಿನ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರುವುದಿಲ್ಲವಾದರೂ, ಒಂದು ವಿಷಯದಲ್ಲಿ ಮೈದಾನಕ್ಕೆ ಅನ್ಯಾಯವಾಗಿದೆ: ಹೊಂಡ ಬಿದ್ದ ರಸ್ತೆಗಳಲ್ಲಿ ಭತ್ತದ ಸಸಿ ನೆಟ್ಟು ಪ್ರತಿಭಟಿಸುವ ಗ್ರಾಮಸ್ಥರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಪ್ರಾಯಶಃ ಅಲ್ಲಿ ನೆಟ್ಟದ್ದು ನಿಜವಾಗಿಯೂ ತೆನೆ ಕಚ್ಚಿ, ಕೊಯ್ಲಿನ ಹಕ್ಕು ಶಿಕ್ಷಣ ಇಲಾಖೆಯದೋ ಕ್ರೀಡಾ ಇಲಾಖೆಯದೋ ಎಂಬ ಹೊಸ ಕಡತ ತೆರೆದೀತೆಂಬ ಭಯವಿರಬಹುದು.