6.74 ಎಂಬ ಜಾತಕದೋಷ

ರೆಸ್ಯೂಮೆಯಲ್ಲಿ ಕಾಲೇಜಿನ ಅಂಕ ಹಾಕಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ, ಅವರ ಅಂಕ ಎಷ್ಟೆಂದು ತಿರುಗಿ ಕೇಳುವ ಅಗತ್ಯವಿಲ್ಲ. ಒಂಬತ್ತು ದಾಟಿದವರಿಗೆ ಈ ಸಂಶಯವೇ ಹುಟ್ಟುವುದಿಲ್ಲ. ಅವರ ಸಿಜಿಪಿಎ ಹೆಸರಿನ ಕೆಳಗೆ, ಫೋನ್ ನಂಬರಿಗಿಂತ ಮೇಲೆ, ದಪ್ಪಕ್ಷರದಲ್ಲಿ ಕೂತಿರುತ್ತದೆ. ಎಂಟರವರು ವಿದ್ಯಾಭ್ಯಾಸದ ಸಾಲಿನಲ್ಲಿ ಸಭ್ಯವಾಗಿ ಬರೆಯುತ್ತಾರೆ. ಏಳರವರು ‘ಫಸ್ಟ್ ಕ್ಲಾಸ್’ ಎಂದಷ್ಟೇ ಹೇಳಿ ಬೇಗ ಮುಂದಕ್ಕೆ ಹೋಗುತ್ತಾರೆ. ಆರರವರ ರೆಸ್ಯೂಮೆಯೇ ಓದಲು ಸ್ವಾರಸ್ಯ. ಕಾಲೇಜಿನ ಹೆಸರು, ಪಾಸಾದ ವರ್ಷ, ಫೆಸ್ಟಿನಲ್ಲಿ ಕುರ್ಚಿ ಹಾಕಿಸಿದ ‘ನಾಯಕತ್ವದ ಅನುಭವ’, ಟ್ರೆಕ್ಕಿಂಗ್, ಗಿಟಾರ್, ರಕ್ತದಾನ ಎಲ್ಲವೂ ಇರುತ್ತವೆ. ಅಂಕವೊಂದು ಮಾತ್ರ ಊರಿಗೆ ಹೋಗಿರುತ್ತದೆ.

ಬಚ್ಚಿಡುವ ಈ ಜಾಣತನವೆಲ್ಲ ದಂಡ. ಕ್ಯಾಂಪಸ್ ಡ್ರೈವ್‌ನಲ್ಲಿ ರೆಸ್ಯೂಮೆಗಿಂತ ಮೊದಲು ಆನ್‌ಲೈನ್ ಫಾರಂ ಬರುತ್ತದೆ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ, ಎಲ್ಲದರ ಪಕ್ಕದಲ್ಲೂ ಒಂದು ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ‘ಥ್ರೂಔಟ್ 60’, ಅಂದರೆ ಎಲ್ಲ ಹಂತದಲ್ಲೂ ಶೇ. 60, ಎಂಬುದು ಪ್ಲೇಸ್‌ಮೆಂಟ್ ಸೆಲ್ಲಿನ ಗಾಯತ್ರಿ ಮಂತ್ರ. ಹದಿನೈದನೇ ವಯಸ್ಸಿನಲ್ಲಿ ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಎಡವಿದವನು ಇಪ್ಪತ್ತೆರಡರಲ್ಲಿ ಜಾವಾ ಕೋಡ್ ಬರೆಯಲಾರ ಎಂಬ ಮಹಾಸಿದ್ಧಾಂತ ಅದರೊಳಗಿದೆ.

ಇನ್ನು ಲೆಕ್ಕದ ಚಮತ್ಕಾರ ನೋಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹಲವು ವರ್ಷ ನಡೆಸಿಕೊಂಡು ಬಂದ ಸೂತ್ರದಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಿದರೆ ಶೇಕಡಾವಾರು ಅಂಕ. 6.75 ಇದ್ದವನಿಗೆ ಸರಿಯಾಗಿ 60. 6.74 ಇದ್ದವನಿಗೆ 59.9. ಮೊದಲನೆಯವನಿಗೆ ಆಪ್ಟಿಟ್ಯೂಡ್ ಟೆಸ್ಟ್, ಎರಡನೆಯವನಿಗೆ ‘ಬೇರೆ ಏನಾದ್ರೂ ನೋಡ್ಕೊಳಪ್ಪ’. ಆ ಮುಕ್ಕಾಲು ಯಾತಕ್ಕೆ ಕಳೆಯಬೇಕೆಂದು ಎಂಜಿನಿಯರಿಂಗ್ ಗಣಿತದ ಪೇಪರುಗಳನ್ನೆಲ್ಲ ದಾಟಿ ಬಂದವರೂ ಕೇಳುವುದಿಲ್ಲ. ಜಾತಕದಲ್ಲಿ ಕುಜ ಎಂಟನೇ ಮನೆಗೆ ಯಾಕೆ ಬಂದ ಎಂದು ಯಾರು ಕೇಳುತ್ತಾರೆ?

ಇದಕ್ಕಿಂತ ಸೊಗಸಾದದ್ದು 2021ರ ಬ್ಯಾಚಿನ ಕಥೆ. ಕೋವಿಡ್‌ನಿಂದಾಗಿ ಆ ವರ್ಷ ರೆಗ್ಯುಲರ್ ವಿದ್ಯಾರ್ಥಿಗಳಿಗೆ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಶೇ. 45, ಪ್ರಥಮ ಪಿಯುಸಿಯಿಂದ ಶೇ. 45, ಆಂತರಿಕ ಮೌಲ್ಯಮಾಪನದಿಂದ ಶೇ. 10 ಕಲೆಸಿ ಅಂಕ ಹಂಚಿದರು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಬಂತು. ಆ ಬ್ಯಾಚಿನಲ್ಲಿ ಎಂಜಿನಿಯರಿಂಗ್ ಸೇರಿದವರು ನಾಲ್ಕು ವರ್ಷದ ಮೇಲೆ ಕೆಲಸ ಹುಡುಕಲು ಹೊರಟಾಗ, ಕೆಂಪು ನಕ್ಷತ್ರ ಅವರಿಗೂ ಪಿಯುಸಿ ಅಂಕ ಕೇಳಿತು, ಬರೆಯದ ಪರೀಕ್ಷೆಯಲ್ಲಿ ಎಷ್ಟು ಬಂತು ಎಂದು, ಎರಡು ದಶಮಾಂಶದವರೆಗೆ.

ಗೂಗಲ್‌ನಲ್ಲಿ ಮಾನವ ಸಂಪನ್ಮೂಲದ ಹಿರಿಯ ಅಧಿಕಾರಿಯಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಕಾಲೇಜಿನ ಗ್ರೇಡು ನೇಮಕಾತಿಗೆ ಉಪಯೋಗಕ್ಕೆ ಬಾರದ ಅಳತೆ ಎಂದಿದ್ದರು. ಆಗಷ್ಟೇ ಕಾಲೇಜು ಬಿಟ್ಟವರ ಮಟ್ಟಿಗೆ ಮಾತ್ರ ಸ್ವಲ್ಪ ಸಂಬಂಧ ಕಾಣುತ್ತದೆ ಎಂದೂ ಸೇರಿಸಿದ್ದರು. ನಮ್ಮ ಕಾಲೇಜುಗಳ ಅತಿಥಿ ಭಾಷಣಕಾರರು ಮೊದಲ ವಾಕ್ಯ ಹೇಳಿ, ಎರಡನೆಯದನ್ನು ನೀರಿನ ಜೊತೆ ನುಂಗಿ, ಶಾಲು ಹೊದೆಸಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಅದೇ ಸಭಾಂಗಣದ ಬಾಗಿಲಲ್ಲಿ ‘ಥ್ರೂಔಟ್ 60’ ನೋಟಿಸ್ ಅಂಟಿಸುತ್ತಾರೆ.

ಕಂಪನಿಗಳದ್ದೂ ಒಂದು ಕಷ್ಟವಿದೆ, ಒಪ್ಪೋಣ. ಅರ್ಜಿಗಳ ರಾಶಿ ಬಂದಾಗ ಎಲ್ಲಾದರೂ ಗೆರೆ ಎಳೆಯಲೇಬೇಕು. ‘ಇಷ್ಟು ಓದಲು ನಮಗೆ ಪುರುಸೊತ್ತಿಲ್ಲ’ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗೆರೆಗೆ ‘ಪ್ರತಿಭಾ ಶೋಧ’ ಎಂದು ಬ್ಯಾನರ್ ಕಟ್ಟಿದಾಗಲೇ ನಗು ಬರುವುದು.

ಅಂಕದ ಕಾಟವೇ ಇಲ್ಲದ ಉದ್ಯೋಗವೂ ನಮ್ಮಲ್ಲಿದೆ. ಚುನಾವಣೆಗೆ ನಿಲ್ಲುವವರು ನಮೂನೆ 26ರ ಪ್ರಮಾಣಪತ್ರ ಸಲ್ಲಿಸಬೇಕು. ಅದು ಆಸ್ತಿ ಕೇಳುತ್ತದೆ, ಸಾಲ ಕೇಳುತ್ತದೆ, ಓದು ಎಲ್ಲಿ ಯಾವ ವರ್ಷ ಮುಗಿಯಿತೆಂದು ಕೇಳುತ್ತದೆ, ಅಂಕ ಕೇಳುವುದಿಲ್ಲ. ಬಾಕಿ ಇರುವ ಕ್ರಿಮಿನಲ್ ಕೇಸುಗಳ ಪಟ್ಟಿಯನ್ನೂ ಕೇಳುತ್ತದೆ. ಪಟ್ಟಿ ಎಷ್ಟೇ ಉದ್ದವಿರಲಿ, ಶಿಕ್ಷೆಯಾಗುವ ತನಕ ಸ್ಪರ್ಧೆಗೆ ಅಡ್ಡಿಯಿಲ್ಲ. ಇತ್ತ ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಒಂದೇ ಒಂದು ಬ್ಯಾಕ್‌ಲಾಗ್ ಉಳಿಸಿಕೊಂಡ ಹುಡುಗಿಗೆ ಡ್ರೈವ್ ನಡೆಯುವ ಹಾಲಿನೊಳಗೆ ಕಾಲಿಡಲು ಬಿಡುವುದಿಲ್ಲ. ‘ನೋ ಆ್ಯಕ್ಟಿವ್ ಬ್ಯಾಕ್‌ಲಾಗ್’ ನಿಯಮವನ್ನು ವಿಧಾನಸೌಧಕ್ಕೂ ಅನ್ವಯಿಸಿದರೆ ಕೋರಂ ಸಿಗುವುದು ಕಷ್ಟವಾದೀತು.

ಆದ್ದರಿಂದ ಆರರ ಬಂಧುಗಳೇ, ಮೊದಲ ಕೆಲಸಕ್ಕಾದರೆ ಅಂಕ ಬರೆದುಬಿಡಿ. ಹೇಗೂ ಫಾರಂ ಬಾಯಿ ಬಿಡಿಸುತ್ತದೆ, ಬರೆಯದಿದ್ದರೆ ಇರುವುದಕ್ಕಿಂತ ಕಡಿಮೆ ಎಂದು ತಿಳಿಯುತ್ತಾರೆ. ಎರಡು ಕಂಪನಿ ಬದಲಿಸಿದ ಮೇಲೆ ಅಳಿಸಿ, ಆಗ ಕೇಳುವುದು ಹಿಂದಿನ ಸಂಬಳದ ಚೀಟಿಯನ್ನು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮಾತ್ರ ಜೋಪಾನವಾಗಿಡಿ. ಮುಂದೆ ಅದರಲ್ಲಿರುವ ಅಂಕ ಯಾರಿಗೂ ಬೇಕಾಗುವುದಿಲ್ಲ, ಹುಟ್ಟಿದ ತಾರೀಖು ಬೇಕಾಗುತ್ತದೆ.