ಪಾರ್ಸಿಕ್ ಗುಡ್ಡದ ಬುಡದಿಂದ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಕಳವಾ, ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

2021ರ ಜುಲೈ 19ರಂದು ಕಳವಾ ಪೂರ್ವದ ಘೋಲಾಯಿ ನಗರದಲ್ಲಿ ಗುಡ್ಡ ಜರಿದು ಚಾಳಿನ ಮನೆಯ ಮೇಲೆ ಬಿತ್ತು. ಒಂದೇ ಕುಟುಂಬದ ಐವರು ತೀರಿಕೊಂಡರು. ಚೆಂಬೂರು, ವಿಕ್ರೋಲಿಗಳಲ್ಲಿ ಜನ ಸತ್ತ ಸುದ್ದಿ ಹಿಂದಿನ ದಿನದಿಂದಲೇ ಟಿವಿಯಲ್ಲಿ ಬರುತ್ತಿತ್ತು. ಎರಡು ವರ್ಷದ ಬಳಿಕ, ಅದೇ ಜುಲೈ 19ರ ರಾತ್ರಿ, ಪಕ್ಕದ ರಾಯಗಡ ಜಿಲ್ಲೆಯ ಇರ್ಶಾಲವಾಡಿ ಮಣ್ಣಿನಡಿ ಸೇರಿತು. ಅಲ್ಲಿ 27 ಶವಗಳು ಸಿಕ್ಕವು. ಇನ್ನೂ 57 ಮಂದಿಯ ಹುಡುಕಾಟವನ್ನೇ ಕೈಬಿಡಬೇಕಾಯಿತು.

ಮಳೆಗಾಲ ಹತ್ತಿರವಾದಾಗ ಗುಡ್ಡದ ಮನೆಗಳಿಗೆ ಜಾಗ ಖಾಲಿ ಮಾಡಿ ಎಂಬ ನೋಟೀಸು ಬರುತ್ತದೆ. ದಿನಗೂಲಿಯ ಸಂಸಾರ ಬಾಡಿಗೆ, ಮುಂಗಡ ಎಲ್ಲಿಂದ ತಂದೀತು? ಮರುವಸತಿ ಆಗಲೇಬೇಕು, ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಅದು ಆಗುವವರೆಗೆ ಪ್ರತಿ ಜುಲೈಯನ್ನೂ ಆ ಮನೆಗಳಲ್ಲೇ ಕಳೆಯಬೇಕಾದವರಿಗೆ ಜೀವ ಉಳಿಸಿಕೊಳ್ಳುವ ವಿದ್ಯೆಯನ್ನಾದರೂ ಕಲಿಸಬೇಡವೇ?

ಕಲಿಯಬೇಕಾದದ್ದು ದೊಡ್ಡ ಶಾಸ್ತ್ರವೇನಲ್ಲ. ಅಂಗಳದಲ್ಲಿ ಹೊಸ ಬಿರುಕು ಬಿಟ್ಟರೆ, ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇಂದು ಚೌಕಟ್ಟಿಗೆ ಕಚ್ಚಿಕೊಂಡರೆ, ಕಂಬ ವಾಲಿದರೆ, ಮೇಲಿನಿಂದ ಇಳಿಯುವ ನೀರು ಇದ್ದಕ್ಕಿದ್ದಂತೆ ರಾಡಿಯಾದರೆ ಆ ಕ್ಷಣವೇ ಮನೆ ಬಿಡಬೇಕು. ಅಪರಾತ್ರಿಯಲ್ಲಿ ಚಾಳನ್ನು ಎಬ್ಬಿಸಲು ಸೀಟಿ ಊದುವವರು ಯಾರು? ಹಾಸಿಗೆ ಹಿಡಿದ ಅಜ್ಜಿಯನ್ನು ಹೊರುವ ನಾಲ್ವರು ಯಾರು? ಎಲ್ಲರೂ ಸೇರಬೇಕಾದ ಶಾಲೆ ಯಾವುದು, ಅದರ ಬೀಗದ ಕೈ ಯಾರ ಹತ್ತಿರ? ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಗಲ್ಲಿಗಳಿವು. ಜೆಸಿಬಿ ಬರುವುದಿಲ್ಲ, ಆಂಬುಲೆನ್ಸ್ ಕೆಳಗಿನ ರಸ್ತೆಯಲ್ಲೇ ನಿಲ್ಲುತ್ತದೆ. ಥಾಣೆಯ ವಿಪತ್ತು ಪಡೆ ಎಷ್ಟೇ ಬೇಗ ಹೊರಟರೂ ಮೊದಲು ಮಣ್ಣಿಗೆ ಕೈಹಾಕುವುದು ನೆರೆಮನೆಯವರೇ. 2019ರ ಜುಲೈಯಲ್ಲಿ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಪ್ರವಾಹಕ್ಕೆ ಸಿಕ್ಕಿದಾಗ ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಪಾರಾದರಲ್ಲ, ಅಂದು ಎನ್‌ಡಿಆರ್‌ಎಫ್, ನೌಕಾಪಡೆಯವರ ಜೊತೆ ಸುತ್ತಲ ಹಳ್ಳಿಯವರೂ ನೀರಿಗಿಳಿದಿದ್ದರು.

ಕಾನೂನು ನಮ್ಮ ಪರವಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಅಧಿಕಾರಿ, ನೌಕರರಿಗೆ ತರಬೇತಿ ಕೊಡಿಸಲೇಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಸರ್ಕಾರೇತರ ಸಂಸ್ಥೆಗಳ ನೆರವಿನಿಂದ ಜನರಿಗೂ ಕಲಿಸಬೇಕು ಎನ್ನುತ್ತದೆ 30ನೇ ಕಲಮು. ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತಯಾರು ಮಾಡಲು ಹೊರಟ 'ಆಪದಾ ಮಿತ್ರ' ಯೋಜನೆಯಲ್ಲಿ 12 ದಿನಗಳ ತರಬೇತಿಯ ಪಾಠಕ್ರಮವೂ ಸಿದ್ಧವಿದೆ.

ನಿಮ್ಮನ್ನೇ ಕೇಳುವುದಕ್ಕೆ ಕಾರಣವಿದೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಈ ಊರುಗಳಿಗೆ ಬಂದವರಲ್ಲಿ ಮರಾಠಿ ಓದಲು ಬಾರದವರಿದ್ದಾರೆ. ಅವರ ಬಾಗಿಲಿಗೆ ಎಚ್ಚರಿಕೆ ಕನ್ನಡದಲ್ಲೇ ಹೋಗಬೇಕು. ನಿಮ್ಮಲ್ಲಿ ಸಭಾಗೃಹವಿದೆ, ಯುವ ವಿಭಾಗವಿದೆ, ಮಹಿಳಾ ವಿಭಾಗವಿದೆ. ರಕ್ತದಾನ ಶಿಬಿರವನ್ನು ಅಚ್ಚುಕಟ್ಟಾಗಿ ನಡೆಸಿದ ಅನುಭವವಿದೆ. ಹಗಲು ಗಂಡಸರು ಲೋಕಲ್ ಹಿಡಿದು ಕೆಲಸಕ್ಕೆ ಹೋಗಿರುತ್ತಾರೆ. ಆದ್ದರಿಂದ ಈ ತರಬೇತಿ ಮೊದಲು ಸಿಗಬೇಕಾದದ್ದು ಹೆಂಗಸರಿಗೆ.

ಏಪ್ರಿಲ್ ಮುಗಿಯುವುದರೊಳಗೆ ಸಂಘದ ಲೆಟರ್‌ಹೆಡ್‌ನಲ್ಲಿ ಥಾಣೆ ಜಿಲ್ಲಾಧಿಕಾರಿಗಳಿಗೂ ನಿಮ್ಮ ಊರಿನ ಪಾಲಿಕೆಗೂ ಅರ್ಜಿ ಕೊಡಿ. ತರಬೇತುದಾರರನ್ನು ಕೇಳಿ, ದಿನ ಗೊತ್ತುಮಾಡಿ, ಗುಡ್ಡದ ಮೇಲಿನವರನ್ನು ನೀವೇ ಹೋಗಿ ಕರೆದುಕೊಂಡು ಬನ್ನಿ.

ಇಂತಿ,
ಕಳವಾದ ಒಬ್ಬ ಕನ್ನಡಿಗ