ಅಡಿಟಿಪ್ಪಣಿಯಲ್ಲಿ ಸಂವಿಧಾನ

ಐಟಿ ಕಾಯ್ದೆಯ ಕಲಂ 66ಎ ಸತ್ತದ್ದು 2015ರ ಮಾರ್ಚ್ 24ರಂದು, ಸುಪ್ರೀಂ ಕೋರ್ಟಿನಲ್ಲಿ. ಆದರೆ ಸಾವಿನ ಸುದ್ದಿ ಪೊಲೀಸ್ ಠಾಣೆಗಳಿಗೆ ಮುಟ್ಟಲಿಲ್ಲ. 2021ರ ಮಾರ್ಚ್‌ನಲ್ಲೂ ಹನ್ನೊಂದು ರಾಜ್ಯಗಳ ಜಿಲ್ಲಾ ಕೋರ್ಟುಗಳಲ್ಲಿ ಇದರಡಿ 745 ಕೇಸುಗಳು ಬಾಕಿ ಇದ್ದವು.

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬರೆದು ಇನ್ನೊಬ್ಬರಿಗೆ ಕಿರಿಕಿರಿ ಮಾಡಿದರೆ ಮೂರು ವರ್ಷದವರೆಗೆ ಜೈಲು: ಇದು ಆ ಕಲಮಿನ ಸಾರ. ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆದದ್ದನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಪಾಲ್ಘರ್‌ನ ಯುವತಿಯನ್ನು 2012ರಲ್ಲಿ ಹಿಡಿದರು. ಅದಕ್ಕೆ ಬರೀ ಲೈಕ್ ಒತ್ತಿದ ಗೆಳತಿಯನ್ನೂ ಬಿಡಲಿಲ್ಲ. ದಿನಕ್ಕೆ ನಾಲ್ಕು ಸಲ 'ಪ್ರೀ ಅಪ್ರೂವ್ಡ್ ಲೋನ್' ಮೆಸೇಜು ಕಳಿಸಿ ಜೀವ ತಿನ್ನುವವರ ಮೇಲೆ ಈ ಕಲಂ ಬಿದ್ದದ್ದನ್ನು ನಾನಂತೂ ಕೇಳಿಲ್ಲ.

ಅದೇ ಕಾಯ್ದೆಯ 66ಡಿ ಬದುಕಿದೆ. ಬೇರೆಯವರ ಸೋಗು ಹಾಕಿ ಆನ್‌ಲೈನಿನಲ್ಲಿ ವಂಚಿಸಿದವರಿಗೆ ಅದು; ಶಿಕ್ಷೆ ಅಲ್ಲೂ ಮೂರು ವರ್ಷದವರೆಗೇ. ಕಾಯ್ದೆ ಬರೆದವರ ತಕ್ಕಡಿಯಲ್ಲಿ ಕಿರಿಕಿರಿಯೂ ದರೋಡೆಯೂ ಸಮತೂಕ. ಓಟಿಪಿ ಕೊಟ್ಟು ಪೆನ್ಷನ್ ದುಡ್ಡು ಕಳಕೊಂಡ ಮೇಷ್ಟ್ರು ಠಾಣೆಗೆ ಹೋದರೆ ಮೊದಲ ಪ್ರಶ್ನೆ: "ಬ್ರ್ಯಾಂಚ್ ಯಾವ ಏರಿಯಾ ಸಾರ್? ನಮ್ ಲಿಮಿಟ್ಸಿಗೆ ಬರಲ್ವಲ್ಲ!" ಎಂಎಲ್‌ಎ ಸಾಹೇಬರ ಮೇಲೊಂದು ಮೀಮ್ ಹಾಕಿ ನೋಡಿ, ಲಿಮಿಟ್ಸು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

ಸತ್ತ ಕಲಂ ಓಡಾಡಿದ್ದು ಹೇಗೆ? 2021ರ ಜುಲೈನಲ್ಲಿ ಅಟಾರ್ನಿ ಜನರಲ್ ಕೋರ್ಟಿಗೆ ಕೊಟ್ಟ ವಿವರಣೆ ಕೇಳಿ: ಕಾಯ್ದೆ ಪುಸ್ತಕದಲ್ಲಿ 66ಎ ಹಾಗೇ ಅಚ್ಚಾಗಿದೆ, ರದ್ದಾದ ವಿಷಯ ಅಡಿಟಿಪ್ಪಣಿಯಲ್ಲಿದೆ, ಪೊಲೀಸರು ಅಡಿಟಿಪ್ಪಣಿ ಓದುವುದಿಲ್ಲ. ಪೀಠದಲ್ಲಿ ಕೂತಿದ್ದವರು 66ಎ ರದ್ದು ಮಾಡಿದ ತೀರ್ಪು ಬರೆದ ನ್ಯಾಯಮೂರ್ತಿ ನಾರಿಮನ್ ಅವರೇ!

ಕಾನೂನು ಗೊತ್ತಿರಲಿಲ್ಲ ಅಂದರೆ ನನ್ನನ್ನೂ ನಿಮ್ಮನ್ನೂ ಯಾವ ಕೋರ್ಟೂ ಬಿಡುವುದಿಲ್ಲ. ಆ ರಿಯಾಯಿತಿ ಕಾನೂನು ಜಾರಿ ಮಾಡುವವರಿಗೆ ಮಾತ್ರ. 66ಎಯನ್ನು ಕೊಂದ, ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಇರುವೆ ಗಾತ್ರದ ಅಕ್ಷರದಲ್ಲಿ ಪುಟದ ತಳಕ್ಕೆ ಸರಿದಿದ್ದಾಗ, ಸರ್ಕಾರ ಠಾಣೆಗೊಂದು ಭೂತಗನ್ನಡಿ ಮಂಜೂರು ಮಾಡಿದ್ದರೆ ಒಳ್ಳೆಯದಿತ್ತು. ಟೆಂಡರ್ ಕರೆದಿದ್ದರೆ ನಾಲ್ಕು ಜನಕ್ಕೆ ಅನುಕೂಲವೂ ಆಗುತ್ತಿತ್ತು.

2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು: 66ಎ ಅಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಕೂಡದು, ಕಾಯ್ದೆ ಅಚ್ಚು ಹಾಕುವವರು ಅದು ಅಸಾಂವಿಧಾನಿಕವೆಂದು ಓದುಗರಿಗೆ ಸರಿಯಾಗಿ ತಿಳಿಸಬೇಕು. ಆದರೂ ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಮೊದಲು ಕಲಂ ನೋಡಿ. 66ಎ ಕಂಡರೆ ತೀರ್ಪಿನ ಜೆರಾಕ್ಸ್ ಹಿಡಿದು ವಕೀಲರ ಹತ್ತಿರ ಹೋಗಿ.